ಹುಳಿ ನೀರಿನ ಲೆಕ್ಕ

ಮೊದಲು ಗೊತ್ತಾದದ್ದು ಲಾಲಮ್ಮನ ಕೊಡಕ್ಕೆ.
ಹುಣಸೆಹಣ್ಣಿಲ್ಲ, ಬೂದಿಯಿಲ್ಲ,
ಮೂರನೇ ಕುಣಿಯ ಬಾಯಿಂದ ಇಳಿದ ನೀರಲ್ಲಿ
ಒಮ್ಮೆ ಅದ್ದಿ ಎತ್ತಿದರೆ ಸಾಕು,
ತಾಮ್ರ ಈಗಷ್ಟೇ ಮುದಗಲ್ ಸಂತೆಯಿಂದ ಬಂದ ಹಾಗೆ.
ಹೆಂಗಸರು ಸಾಲುಗಟ್ಟಿದರು ಎರಡು ಶುಕ್ರವಾರ.
ಮೂರನೆಯ ಶುಕ್ರವಾರ
ಮೌಲಾಸಾಬನ ಮೇಕೆ ಆ ನೀರಿಗೆ ಮೂತಿಯಿಟ್ಟು
ತಲೆ ಕೊಡವಿ, ಸೀನಿ,
ನಮ್ಮೆಲ್ಲರನ್ನೂ ಒಮ್ಮೆ ನೋಡಿ ಹೊರಟುಹೋಯಿತು.

ಕಂಪನಿ ಹೋಗಿ ಇಪ್ಪತ್ತಾರು ವರ್ಷ.
ಪಂಪು ಬಿಚ್ಚಿಕೊಂಡು ಹೋದರು, ಹಳಿ ಕಿತ್ತುಕೊಂಡು ಹೋದರು,
ಗೇಟಿಗೊಂದು ಬೀಗ ಬಿಟ್ಟುಹೋದರು.
ನೀರಿಗೆ ಬೀಗ ತಿಳಿಯುವುದಿಲ್ಲ.
ಕೆಳಗೆ ಒಂಬೈನೂರು ಅಡಿ ಕತ್ತಲಲ್ಲಿ
ಕಲ್ಲು, ಗಾಳಿ, ನೀರು, ಮೂವರೇ ಕೂತು
ಏನು ಮಾತಾಡಿಕೊಂಡರೋ,
ಮೇಲೆ ಬರುವಾಗ ನೀರಿನ ನಾಲಿಗೆ ಹುಳಿ,
ಹಳ್ಳದ ಅಂಚಿಗೆಲ್ಲ ಕಿತ್ತಳೆ ಕೆಸರು.

ನನ್ನ ಕೆಲಸ ದಿನಕ್ಕೆರಡು ಸಲ ಕಾಗದ ಅದ್ದುವುದು,
ಬಂದ ಬಣ್ಣದ ಅಂಕಿ ಬರೆಯುವುದು.
ಮೂರು. ಮೂರು. ಎರಡೂ ಮುಕ್ಕಾಲು. ಮೂರು.
ಶಾಲೆಯಲ್ಲಿ ನನ್ನ ಗಣಿತದ ಅಂಕಗಳೂ ಇಷ್ಟೇ ಇದ್ದವು.

ರಾಯಚೂರಿನಿಂದ ಬಂದ ಇಂಜಿನಿಯರ್ ತಹಸೀನ್
ಜಾಲಿ ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದಳು:
ಇಲ್ಲಿಂದ ಕಾಲುವೆ, ಅದರ ತುಂಬ ಸುಣ್ಣಕಲ್ಲು,
ಇಲ್ಲಿ ನೀರು ಮಲಗಿ ಕೆಸರಿಳಿಸಲು ಹೊಂಡ,
ಕೊನೆಗೆ ಆಪು ಬೆಳೆದ ಜೌಗು.
ಸುಣ್ಣಕಲ್ಲು ಇಲ್ಲಿ ಯಾರಿಗೆ ಗೊತ್ತು ಅಂದಳು.
ಲಾಲಮ್ಮ ಎಲೆಯಡಿಕೆ ಒಂದು ದವಡೆಗೆ ಸರಿಸಿದಳು:
“ಸುಣಗಾರ ಓಣ್ಯಾಗ ನಿಂತು ಈ ಮಾತ ಕೇಳ್ತೀಯಲ್ಲ, ಯವ್ವಾ.”

ಅವಳ ಭಟ್ಟಿ ಆರಿ ಎಷ್ಟೋ ಕಾಲ.
ಗೋಡೆಗಳಿಗೆ ಡಬ್ಬಿಯ ಬಣ್ಣ ಬಂದ ಮೇಲೆ
ಸುಣ್ಣ ಉಳಿದದ್ದು ವೀಳ್ಯದೆಲೆಯ ಬೆನ್ನ ಮೇಲೆ ಮಾತ್ರ.
ಈಗ ಶಹಾಬಾದಿನ ಕಲ್ಲುಚೂರು, ನಾಲ್ಕು ಟ್ರ್ಯಾಕ್ಟರು.
ಅವಳೇ ಕೂತು ಆರಿಸಿದಳು,
ನಿಂಬೆಹಣ್ಣು ಹಿಂಡಿ, ಕಿವಿಗೆ ಹಿಡಿದು:
ಸರ್ರ್ ಎಂದದ್ದು ಕಾಲುವೆಗೆ,
ಸುಮ್ಮನಿದ್ದದ್ದು ದಾರಿಗೆ.

ಮೊದಲ ವಾರ ಆರೂವರೆ!
ಪುಸ್ತಕದಲ್ಲಿ ಆ ಅಂಕಿಗೆ ಎರಡು ಸಲ ಗೆರೆ ಹೊಡೆದೆ.
ಐದನೇ ವಾರ ಮತ್ತೆ ಮೂರೂಕಾಲು.
ಕಾಲುವೆಗಿಳಿದು ನೋಡಿದರೆ ಒಂದೊಂದು ಕಲ್ಲೂ
ತುಕ್ಕಿನ ಅಂಗಿ ತೊಟ್ಟು, ಗುಂಡಿ ಹಾಕಿಕೊಂಡು,
ನೀರಿಗೆ ಮೈ ತಾಕಿಸದೆ ಕೂತಿತ್ತು.
ತಹಸೀನ್ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದಳು.
ಲಾಲಮ್ಮ ಹಾರೆ ತಂದಳು.
“ಭಟ್ಟ್ಯಾಗೂ ಹಿಂಗ. ಹೊರಳಸ್ದಿದ್ರ ಬೇಯಾಂಗಿಲ್ಲ.”
ಅಂದಿನಿಂದ ಪ್ರತಿ ಮಂಗಳವಾರ
ನಾವು ಆರು ಜನ ಕಲ್ಲು ಹೊರಳಿಸುತ್ತೇವೆ,
ಒಂದಕ್ಕೊಂದು ಉಜ್ಜಿ ಅಂಗಿ ಬಿಚ್ಚಿಸುತ್ತೇವೆ.
ಕೂಲಿ ಎರಡು ತಿಂಗಳಿಂದ ಬಾಕಿ.

ಹೊಂಡದ ತಳದ ಕೆಸರು ಒಣಗಿದಾಗ
ಹಣೆಗಿಟ್ಟುಕೊಳ್ಳಬೇಕು, ಅಂಥ ಕೆಂಪು.
ಲಾಲಮ್ಮ ಸೆರಗಲ್ಲಿ ಒಂದು ಮುಷ್ಟಿ ಕಟ್ಟಿಕೊಂಡಳು,
ಬಿಳಿ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯಲು.
“ಬೇಡಮ್ಮ, ಅದರಲ್ಲಿ ಪಾಷಾಣ ಐತಿ” ಎಂದೆ.
ಸೆರಗು ಬಿಚ್ಚಿ ಕೊಡವಿದಳು.
ಆಮೇಲೆ ಆ ಸೆರಗನ್ನು ಮೂರು ಸಲ ತೊಳೆದಳು,
ಊರ ಬೋರಿನ ನೀರಲ್ಲಿ,
ಒಂದು ಮಾತೂ ಆಡದೆ.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುತ್ತಾರೆ.
ಬೆಣ್ಣೆ ತುಂಬಿಕೊಂಡು ಹೋದ ಲಾರಿಗಳ ನಂಬರು
ಈ ಊರಲ್ಲಿ ಯಾರಿಗೂ ನೆನಪಿಲ್ಲ.
ಉಳಿದದ್ದು ಈ ಕಣ್ಣು, ನೆಲದ್ದು,
ಹಗಲೂ ರಾತ್ರಿ ಒಸರುವುದು.
ಇದಕ್ಕೆ ಸುಣ್ಣವೇ ಮದ್ದು.
ಎಷ್ಟು ವರ್ಷ ಹಾಕಬೇಕು ಅಂತ ಕೇಳಿದೆ.
ತಹಸೀನ್ ಕೈಯ ಧೂಳು ಒರೆಸಿಕೊಂಡು
ನಿನ್ನ ಮೊಮ್ಮಕ್ಕಳಿಗೂ ಒಂದು ಹಾರೆ ಮಾಡಿಸಿಡು ಅಂದಳು.
ನನಗಿನ್ನೂ ಮದುವೆಯಾಗಿಲ್ಲ.

ಇವತ್ತು ಬೆಳಿಗ್ಗೆ ಆರೂ ಕಾಲು.
ಸಂಜೆ ಮೌಲಾಸಾಬನ ಮೇಕೆ ಬಂದಿತ್ತು,
ಅದೇ ಅಲ್ಲ, ಅದರ ಮಗಳಿರಬೇಕು.
ಜೌಗಿನ ಆಚೆ ದಂಡೆಯಲ್ಲಿ ನಿಂತು ಮೂಸಿತು.
ಕುಡಿಯಲಿಲ್ಲ.
ಸೀನಲೂ ಇಲ್ಲ.
ಷರಾ ಕಾಲಮ್ಮಿನಲ್ಲಿ ಅಷ್ಟನ್ನೂ ಬರೆದಿದ್ದೇನೆ.